ಗಾಳಿಮಳೆ ನಿಂತು ಕರೆಂಟು ವಾಪಸ್ ಬರುವಾಗ ಮನೆಗೆ ಬೆಂಕಿ ಬೀಳದ ಹಾಗೆ ಏನು ಮಾಡಬೇಕು?

ಪ್ರಶ್ನೆ: ಮರವಂತೆ ಮಗಳು

ಅಪ್ಪ ಅಮ್ಮ ಇಬ್ಬರೇ ಮರವಂತೆ ಹತ್ತಿರ ಹಂಚಿನ ಮನೆಯಲ್ಲಿದ್ದಾರೆ, ನಾನಿರುವುದು ಬೆಂಗಳೂರಿನಲ್ಲಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿ ಸವರಿಕೊಂಡು ಗುಜರಾತಿನ ಕಡೆ ಹೋದಾಗ ತೆಂಗಿನಮರ ಬಿದ್ದು ಲೈನ್ ತುಂಡಾಗಿತ್ತು. ಕತ್ತಲೆಯಲ್ಲಿ ಹೇಗೋ ಕಳೆದರು. ಆದರೆ ಕರೆಂಟು ಬಂದ ಕೂಡಲೇ ಅಡುಗೆಮನೆ ಬಲ್ಬು ಕಣ್ಣು ಕೋರೈಸುವ ಹಾಗೆ ಉರಿದು ಒಡೆಯಿತಂತೆ, ಫ್ರಿಜ್ ಪ್ಲಗ್ಗಿನಿಂದ ಹೊಗೆ ಬಂತಂತೆ. ಅಮ್ಮ ಅಲ್ಲೇ ಇದ್ದು ಮೇನ್ ಇಳಿಸಿದ್ದರಿಂದ ಉಳಿಯಿತು. ಅಟ್ಟದ ತುಂಬ ಕೊಬ್ಬರಿ, ತೆಂಗಿನ ಸಿಪ್ಪೆ ಇರುತ್ತದೆ; ನೆನೆಸಿಕೊಂಡರೆ ಈಗಲೂ ಕೈಕಾಲು ನಡುಗುತ್ತದೆ. ಈ ಸಲ ಮಳೆಗಾಲಕ್ಕೆ ಮುಂಚೆ ಅಣ್ಣ ಚಿಕ್ಕ ಜನರೇಟರ್ ತರುತ್ತೇನೆ ಅನ್ನುತ್ತಿದ್ದಾನೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ: ಕುಮಟಾದವ

ಮೊದಲು ಗ್ಯಾಸ್ ನೋಡಿಕೊಳ್ಳಿ. ನೆರೆ ನೀರು ಅಂಗಳಕ್ಕೆ ಬರುವ ಸೂಚನೆ ಸಿಕ್ಕರೆ ರೆಗ್ಯುಲೇಟರ್ ಬಿಚ್ಚಿ, ಸಿಲಿಂಡರಿಗೆ ಮುಚ್ಚಳ ಹಾಕಿ, ಎತ್ತರದಲ್ಲಿ ನಿಲ್ಲಿಸಿಯೇ ಕಟ್ಟಿಡಿ. ಅಡ್ಡ ಮಲಗಿಸಬೇಡಿ. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ವಾಸನೆ ಬಂದರೆ ಲೈಟ್ ಹಾಕುವುದೂ ಬೇಡ, ಆರಿಸುವುದೂ ಬೇಡ. ದೇವರ ದೀಪ, ಬಚ್ಚಲೊಲೆ ಕೆಂಡ ಇದೆಯಾ ನೋಡಿ ನಂದಿಸಿ, ಬಾಗಿಲು ಕಿಟಕಿ ತೆರೆದು ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ನಂಬರ್ 1906ಕ್ಕೆ ಫೋನ್ ಮಾಡಿ.

ಉತ್ತರ: ಹಳೇ ಲೈನ್‌ಮನ್

ತಂಗೀ, ನಾನು ಕಂಬ ಹತ್ತಿಯೇ ಹೊಟ್ಟೆ ಹೊರೆದವನು, ಈಗ ನಿವೃತ್ತ. ನಿಮ್ಮ ಮನೆಯಲ್ಲಿ ಆದದ್ದು ನನ್ನ ಲೆಕ್ಕದಲ್ಲಿ ನ್ಯೂಟ್ರಲ್ ತಂತಿ, ಅಂದರೆ ಕರೆಂಟು ವಾಪಸ್ ಹೋಗುವ ತಂತಿ, ತುಂಡಾದದ್ದು. ಮರ ಬಿದ್ದಾಗ ಕರೆಂಟು ತರುವ ಫೇಸ್ ತಂತಿಗಳು ಉಳಿದು ನ್ಯೂಟ್ರಲ್ ಮಾತ್ರ ಹೋದರೆ, ಮನೆಗೆ ಬರಬೇಕಾದ 230 ವೋಲ್ಟ್ ಕೆಲವು ಮನೆಗಳಲ್ಲಿ 400ರ ಹತ್ತಿರಕ್ಕೂ ಏರುತ್ತದೆ, ಪಕ್ಕದ ಮನೆಯಲ್ಲಿ ಬಲ್ಬು ಮಿಣುಕುತ್ತದೆ. ಒಂದು ಕಡೆ ವಿಪರೀತ ಬೆಳಕು, ಇನ್ನೊಂದು ಕಡೆ ಮಂಕು ಕಂಡರೆ ಯೋಚನೆ ಮಾಡುತ್ತಾ ನಿಲ್ಲಬೇಡಿ, ಮೇನ್ ಇಳಿಸಿ, ಕರೆಂಟಿನ ದೂರು ಕೇಳುವ 1912ಕ್ಕೆ ತಿಳಿಸಿ. ನಿಮ್ಮ ಅಮ್ಮ ಮಾಡಿದ್ದು ಅದೇ, ಅವರಿಗೆ ನನ್ನ ನಮಸ್ಕಾರ ಹೇಳಿ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ಕರೆಂಟು ಹೋದ ಕೂಡಲೇ ಮೇನ್ ಇಳಿಸಿಬಿಡಿ. ಬಂದದ್ದು ಗೊತ್ತಾಗುವುದಕ್ಕೆ ಬೀದಿ ದೀಪವೋ ಪಕ್ಕದ ಮನೆ ಲೈಟೋ ಸಾಕು. ಬಂದ ಮೇಲೂ ಆತುರ ಬೇಡ. ಹಂಚಿನ ಮನೆಯಲ್ಲಿ ಗಾಳಿಗೆ ಒಂದು ಹಂಚು ಜರುಗಿದರೂ ನೀರು ಪಕಾಸಿನ ಗುಂಟ ಇಳಿದು ವೈರಿಂಗ್ ಪಟ್ಟಿಯ ಒಳಗೆ, ಜಂಕ್ಷನ್ ಬಾಕ್ಸಿನ ಒಳಗೆ ಸೇರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಕರೆಂಟು ಹರಿದಾಗ ಅಲ್ಲಿ ಚಿಟಚಿಟ ಅಂತ ಕಿಡಿ ಹಾರುತ್ತದೆ. ಮೇಲೆ ನಿಮ್ಮ ಸಿಪ್ಪೆ ರಾಶಿ! ಟಾರ್ಚ್ ಹಿಡಿದು ಅಟ್ಟ ನೋಡಿ, ಗೋಡೆಯಲ್ಲಿ ನೀರಿಳಿದ ಗುರುತು ನೋಡಿ, ಒದ್ದೆ ಕಂಡ ಕೋಣೆಯ ಎಂಸಿಬಿ (ಬೋರ್ಡಿನಲ್ಲಿ ಆ ಕೋಣೆಯ ಕರೆಂಟು ಕಡಿಯುವ ಸ್ವಿಚ್) ಮುಟ್ಟಬೇಡಿ. ಉಳಿದವನ್ನು ಒಂದೊಂದಾಗಿ ಎತ್ತಿ, ಫ್ರಿಜ್ ಕೊನೆಗೆ. ವೈರು ಹಾದುಹೋದ ಜಾಗದಲ್ಲಿ ಅಟ್ಟ ಖಾಲಿ ಇರಲಿ, ಕೊಬ್ಬರಿ ಬೇರೆ ಮೂಲೆಗೆ ಹೋಗಲಿ. ಕರೆಂಟು ನೆಲಕ್ಕೆ ಸೋರಿದರೆ ತಾನೇ ಕಡಿಯುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಮಳೆಗೆ ಮುಂಚೆ ಹಾಕಿಸಿ. ಆದರೆ ನ್ಯೂಟ್ರಲ್ ಹೋದರೆ ಅದೊಂದರಿಂದ ಫ್ರಿಜ್ ಉಳಿಯುವುದಿಲ್ಲ, ವೋಲ್ಟೇಜ್ ಏರಿದಾಗ ಕಡಿಯುವ ಸಾಧನ ಬೇರೆ ಸಿಗುತ್ತದೆ. ಅದನ್ನೂ ಕೇಳಿ ಹಾಕಿಸಿ.

ಬೆಳಿಗ್ಗೆ ಅಪ್ಪ ಅಂಗಳಕ್ಕೆ ಇಳಿಯುವ ಮುಂಚೆ ತಂತಿ ಬೇಲಿ, ಬಟ್ಟೆ ಒಣಗಿಸುವ ತಂತಿ ನೋಡಲಿ. ಲೈನ್ ದೂರದಲ್ಲೆಲ್ಲೋ ಬೇಲಿಯ ಮೇಲೆ ಬಿದ್ದಿದ್ದರೂ ನಿಮ್ಮ ಅಂಗಳದವರೆಗೆ ಕರೆಂಟು ಬಂದಿರಬಹುದು.

ಮರವಂತೆ ಮಗಳು

ಅಣ್ಣಾ, ತುಂಬ ಉಪಕಾರವಾಯಿತು. ಜನರೇಟರ್ ವಿಷಯ? ಪ್ಲಗ್ ಪಾಯಿಂಟಿಗೇ ಚುಚ್ಚಿದರೆ ಇಡೀ ಮನೆಗೆ ಬರುತ್ತದೆ ಅಂತ ಯಾರೋ ಅಣ್ಣನಿಗೆ ಹೇಳಿದ್ದಾರೆ.

ಹಳೇ ಲೈನ್‌ಮನ್

ಕೈಮುಗಿದು ಕೇಳುತ್ತೇನೆ, ಅದು ಮಾತ್ರ ಬೇಡ. ಮೇನ್ ಇಳಿಸುವುದು ಮರೆತರೆ ನಿಮ್ಮ ಮನೆಯ ಕರೆಂಟು ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರ್ ಸೇರುತ್ತದೆ, ಅಲ್ಲಿ 11,000 ವೋಲ್ಟ್ ಆಗಿ ಲೈನಿಗೆ ಏರುತ್ತದೆ. ಆ ಲೈನ್ ಸತ್ತಿದೆ ಅಂತ ನಂಬಿ ಮಳೆಯಲ್ಲಿ ಒಬ್ಬ ಹುಡುಗ ಕಂಬದ ಮೇಲಿರುತ್ತಾನೆ. ನಾವು ಲೈನನ್ನು ಅರ್ತ್ ಮಾಡಿಕೊಂಡೇ, ಅಂದರೆ ನೆಲಕ್ಕೆ ಸೇರಿಸಿಕೊಂಡೇ, ಹತ್ತುವುದು ನಿಜ, ಆದರೂ ರಾತ್ರಿ ಹೊತ್ತು ಹತ್ತು ಊರಿನ ಕೆಲಸ ತಲೆಯ ಮೇಲಿದ್ದಾಗ ಏನು ಬೇಕಾದರೂ ಆಗಬಹುದು. ಲೈಸೆನ್ಸ್ ಇದ್ದ ಎಲೆಕ್ಟ್ರಿಷಿಯನ್ ಕೈಯಲ್ಲಿ ಚೇಂಜ್ ಓವರ್ ಸ್ವಿಚ್ ಹಾಕಿಸಿ. ಅದರಲ್ಲಿ ಲೈನ್ ಮತ್ತು ಜನರೇಟರ್ ಎರಡೂ ಒಟ್ಟಿಗೆ ಸೇರುವುದು ಸಾಧ್ಯವೇ ಇಲ್ಲ. ಜನರೇಟರ್ ಜಗಲಿಯಲ್ಲೂ ಇಡಬೇಡಿ. ಅದರ ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷಗಾಳಿ ಇರುತ್ತದೆ, ಮಲಗಿದವರು ಏಳುವುದಿಲ್ಲ. ಬಯಲಲ್ಲಿ, ಕಿಟಕಿಯಿಂದ ದೂರ ಇಡಿ. ಪೆಟ್ರೋಲ್ ಹಾಕುವುದು ಇಂಜಿನ್ ಆರಿಸಿ ತಣಿದ ಮೇಲೆ.

ಉತ್ತರ: ಬೈಂದೂರು ಕೃಷಿಕ

ಲೈನ್‌ಮನ್ ಅಣ್ಣ ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ಮರ ಬಿದ್ದರೆ ನಮ್ಮ ಕಡೆ ಹುಡುಗರು ಗರಗಸ ಹಿಡಿದು ಓಡಿಬರುತ್ತಾರೆ, ಒಳ್ಳೆಯ ಮನಸ್ಸು. ಆದರೆ ಲೈನ್ ಆಫ್ ಆಗಿದೆ ಅಂತ ಕರೆಂಟಿನವರ ಸೆಕ್ಷನ್ ಆಫೀಸಿನಿಂದ ಖಚಿತವಾಗುವವರೆಗೆ ಯಾರೂ ಕೊಂಬೆ ಮುಟ್ಟಬಾರದು. ನಮ್ಮ ವಾಡೆಯಲ್ಲಿ ಆ ಫೋನ್ ಮಾಡುವುದಕ್ಕೆ ಒಬ್ಬರನ್ನೇ ನೇಮಿಸಿಕೊಂಡಿದ್ದೇವೆ. ಅವರು ಹೂಂ ಅಂದ ಮೇಲೆಯೇ ಗರಗಸ.

ಮನೆಗೆ ಹಾನಿಯಾದರೆ ಹಂಚು ಗುಡಿಸುವ ಮೊದಲೇ ಒಳಗೆ ಹೊರಗೆ ಫೋಟೋ ತೆಗೆದು ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ, ಅವರು ಬಂದು ಮಹಜರು ಮಾಡಬೇಕು. ಮಳೆ ಬರುತ್ತಿದ್ದರೆ ಟಾರ್ಪಾಲ್ ಹೊದೆಸಿಕೊಳ್ಳಿ, ಅದಕ್ಕೆ ಅಡ್ಡಿಯಿಲ್ಲ, ಆದರೆ ಒಡೆದ ಹಂಚು, ಮುರಿದ ಪಕಾಸು ಎಸೆಯಬೇಡಿ. ಅಪ್ಪನ ಆಧಾರ್, ಬ್ಯಾಂಕ್ ಪಾಸ್‌ಬುಕ್, ಮನೆ ತೆರಿಗೆ ರಶೀದಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಈಗಲೇ ಕಟ್ಟಿಡಿ. ನೀವು ದೂರ ಇರುವುದರಿಂದ ಪಕ್ಕದ ಮನೆಯವರ ನಂಬರ್ ನಿಮ್ಮ ಹತ್ತಿರವೂ, ನಿಮ್ಮದು ಅವರ ಹತ್ತಿರವೂ ಇರಲಿ.