ತಾಯಿಯ ತೂಕ ಕಡಿಮೆ ಇದ್ದರೆ ಕೂಸಿನ ಬೆಳವಣಿಗೆಗೆ ತೊಂದರೆಯಾ? ನಿಮ್ಮ ಅನುಭವ ಹೇಳಿ

ಮುಧೋಳ ತಾಲೂಕಿನಿಂದ, ಕೇಳುತ್ತಿರುವ ತಾಯಿ:

ಎಲ್ಲರಿಗೂ ನಮಸ್ಕಾರ. ನನಗೀಗ ನಾಲ್ಕು ತಿಂಗಳು ತುಂಬಿದೆ. ಎತ್ತರ 155 ಸೆಂ.ಮೀ., ತೂಕ 41 ಕೆ.ಜಿ. ಮೊದಲ ಮಗಳು ಹುಟ್ಟಿದಾಗ 2.1 ಕೆ.ಜಿ. ಇದ್ದಳು. ಈಗ ಅವಳಿಗೆ ಮೂರು ವರ್ಷ. ಚುರುಕಾಗಿದ್ದಾಳೆ, ಆದರೆ ಓರಗೆಯ ಮಕ್ಕಳಿಗಿಂತ ಗಿಡ್ಡ. ಆಸ್ಪತ್ರೆಯಲ್ಲಿ ನನ್ನ ತೂಕ ಏರಲೇಬೇಕು ಅಂದರು. ಮನೆಯಲ್ಲಿ ಅತ್ತೆ "ಜಾಸ್ತಿ ಉಂಡ್ರ ಕೂಸು ದಪ್ಪ ಆಕ್ಕೈತಿ, ಹಡಿಯೂದು ತ್ರಾಸ ಆಕ್ಕೈತಿ" ಅನ್ನುತ್ತಾರೆ. ನನ್ನ ತೂಕಕ್ಕೂ ಮಗುವಿನ ಬೆಳವಣಿಗೆಗೂ ನಿಜವಾಗಿ ಎಷ್ಟು ಸಂಬಂಧ? ಏನು ಮಾಡಿದರೆ ಉಪಯೋಗ ಆಯ್ತು, ದಯವಿಟ್ಟು ಹೇಳಿ.

ವಿಜಯಪುರ ಜಿಲ್ಲೆಯ ಅಂಗನವಾಡಿ ಕಾರ್ಯಕರ್ತೆ:

ತಂಗಿ, ಸಂಬಂಧ ಇದೆ, ಚೆನ್ನಾಗಿಯೇ ಇದೆ. ಆದರೆ ಈಗಲೂ ಕೈ ಮೀರಿಲ್ಲ, ಮೊದಲು ಅದನ್ನು ತಿಳಿದುಕೊಳ್ಳಿ.

ಮೀಟರ್‌ನಲ್ಲಿರುವ ಎತ್ತರವನ್ನು ಅದರಿಂದಲೇ ಗುಣಿಸಿ, ತೂಕವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಬಿಎಂಐ ಬರುತ್ತದೆ. ನಿಮ್ಮದು 17ರ ಹತ್ತಿರ. 18.5ಕ್ಕಿಂತ ಕಡಿಮೆ ಇದ್ದರೆ ತೂಕ ಸಾಲದು ಅಂತ ಲೆಕ್ಕ. ಬಸುರಿಯಾದಾಗ ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚಾಗಬೇಕು, ಮಾಸು ಚೆನ್ನಾಗಿ ಬೆಳೆಯಬೇಕು. ಮಗುವಿಗೆ ಎಲ್ಲಾ ಹೋಗುವುದು ಮಾಸಿನ ಮೂಲಕವೇ ಅಲ್ವಾ? ತಾಯಿ ಸೊರಗಿದ್ದು, ಮೇಲೆ ರಕ್ತವೂ ಕಡಿಮೆ ಇದ್ದರೆ ಎರಡೂ ಸರಿಯಾಗಿ ಆಗುವುದಿಲ್ಲ. ಮಗು 2.5 ಕೆ.ಜಿ.ಗಿಂತ ಕಡಿಮೆ ಹುಟ್ಟುವ ಸಂಭವ ಜಾಸ್ತಿ. ಹಾಗೆ ಹುಟ್ಟಿದ ಮಗು ಮೊದಲ ಎರಡು ವರ್ಷದಲ್ಲಿ ಎತ್ತರದಲ್ಲೂ ಹಿಂದೆ ಬೀಳಬಹುದು. ಇದು ನಿಮ್ಮೊಬ್ಬರ ಮನೆಯ ಸಮಸ್ಯೆ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, ದೇಶದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ.

ನಿಮ್ಮ ಅತ್ತೆಯವರಿಗೆ ಒಂದು ಮಾತು ಹೇಳಿ. ನಿಮ್ಮಂಥ ತೂಕದವರು ಹೊಟ್ಟೆ ತುಂಬ ಉಂಡರೆ ಮಗು 2.5ರಿಂದ 3 ಕೆ.ಜಿ. ಆಗುತ್ತದೆ, ಅಷ್ಟೇ. ನಾಲ್ಕು ಕೆ.ಜಿ. ದಾಟುವ ಮಕ್ಕಳು ಹೆಚ್ಚಾಗಿ ಸಕ್ಕರೆ ಕಾಯಿಲೆ ಅಥವಾ ಬಹಳ ತೂಕ ಇರುವ ತಾಯಂದಿರಿಗೆ ಹುಟ್ಟುತ್ತವೆ. ಕಡಿಮೆ ಉಂಡರೆ ಹೆರಿಗೆ ಸಲೀಸಾಗುವುದಿಲ್ಲ. ಹೆರುವವಳಿಗೆ ಶಕ್ತಿ ಇರುವುದಿಲ್ಲ, ರಕ್ತ ಹೋದರೆ ತಡೆಯುವ ತ್ರಾಣ ಇರುವುದಿಲ್ಲ.

ನಮ್ಮ ಕಡೆ ಒಟ್ಟು 10ರಿಂದ 12 ಕೆ.ಜಿ. ಏರಬೇಕು ಅಂತ ಹೇಳುತ್ತೇವೆ. ನಿಮ್ಮ ಹಾಗೆ ಸೊರಗಿದವರು ಇನ್ನೂ ಸ್ವಲ್ಪ ಜಾಸ್ತಿ ಏರಿದರೆ ಒಳ್ಳೆಯದು. ಇನ್ನು ಮುಂದೆ ತಿಂಗಳಿಗೆ ಎರಡು ಕೆ.ಜಿ. ಹತ್ತಿರ ಏರುತ್ತಿದೆಯಾ ಅಂತ ತಾಯಿ ಕಾರ್ಡ್‌ನಲ್ಲಿ ನೋಡುತ್ತಾ ಹೋಗಿ. ಒಂದು ತಿಂಗಳು ಏರಲಿಲ್ಲ ಅಂದರೆ ಮುಂದಿನ ತಿಂಗಳವರೆಗೆ ಕಾಯಬೇಡಿ, ಸಿಸ್ಟರ್‌ಗೆ ಹೇಳಿ.

ಅಂಗನವಾಡಿಯಲ್ಲಿ ಬಸುರಿ, ಬಾಣಂತಿಯರಿಗೆ ಊಟ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಶುರುವಾದದ್ದು ಇದಕ್ಕೇ. ಅನ್ನ, ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ನಾನು ದಿನಾ ನೋಡುವುದು ಏನೆಂದರೆ, ಇಲ್ಲಿ ಉಂಡು ಹೋದವಳಿಗೆ ಮನೆಯಲ್ಲಿ "ನಿನ್ನ ಊಟ ಆಗೇತಲ್ಲ" ಅಂತಾರೆ. ಇಲ್ಲವೇ ಚಿಕ್ಕಿ ಕಟ್ಟಿಕೊಂಡು ಹೋಗಿ ದೊಡ್ಡ ಮಗುವಿಗೆ ಕೊಡುತ್ತಾಳೆ. ಅದು ಮನೆ ಊಟದ ಜೊತೆಗೆ ಹೆಚ್ಚಿನದಾಗಿ ಕೊಡುವ ಊಟ. ನೀವೇ ತಿನ್ನಬೇಕು.

ಗುಳೇದಗುಡ್ಡದಿಂದ, ಎರಡು ಮಕ್ಕಳ ತಾಯಿ:

ಅಕ್ಕಾವರು ಹೇಳಿದ್ದು ಸರಿ. ನಮ್ಮದು ಖಣ ನೇಯುವ ಮನೆ. ಮೊದಲನೇ ಬಸುರಿನಲ್ಲಿ ನನ್ನ ತೂಕ 43 ಇತ್ತು, ಮಗ 1.9 ಕೆ.ಜಿ. ಹುಟ್ಟಿದ. ಬದುಕುತ್ತಾನೋ ಇಲ್ಲೋ ಅಂತ ಮನೆಯವರೆಲ್ಲ ಹೆದರಿದ್ದರು. ಆಸ್ಪತ್ರೆಯಲ್ಲಿ ಕಾಂಗರೂ ಆರೈಕೆ ಕಲಿಸಿದರು. ಮಗುವಿಗೆ ಟೊಪ್ಪಿಗೆ, ಕಾಲುಚೀಲ, ಡೈಪರ್ ಅಷ್ಟೇ. ಬರಿ ಎದೆಗೆ ಮಗುವನ್ನು ನೆಟ್ಟಗೆ ಆನಿಸಿ, ತಲೆ ಒಂದು ಬದಿಗೆ ತಿರುಗಿಸಿ, ಮೇಲೆ ಸೀರೆ ಸುತ್ತಿ ಕಟ್ಟುತ್ತಿದ್ದರು. ಬಾಯಿ ಹಚ್ಚಿ ಚೀಪುವ ಶಕ್ತಿ ಇಲ್ಲದಾಗ ಹಾಲು ಹಿಂಡಿ ಚಮಚದಲ್ಲಿ ಹಾಕಿದೆ. ನಾನು ಮಲಗಿದಾಗ ನಮ್ಮ ಯಜಮಾನರು ಅಂಗಿ ತೆಗೆದು ತಾವೇ ಎದೆಗೆ ಹಾಕಿಕೊಳ್ಳುತ್ತಿದ್ದರು.

"ನೀನೇ ಕಡ್ಡಿ ಆಗಿ, ನಿನ್ನ ಹಾಲಿನಾಗ ಏನ ಸತ್ವ ಇರತೈತಿ" ಅಂತ ಬಹಳ ಜನ ಅಂದರು. ಅದನ್ನು ನಂಬಬೇಡಿ. ತಾಯಿ ತೆಳ್ಳಗಿದ್ದರೂ ಹಾಲು ಮಗುವಿಗೆ ಸಾಕಾಗುತ್ತದೆ. ಮೊದಲ ಆರು ತಿಂಗಳು ಬೇರೆ ಏನೂ ಬೇಡ, ನೀರೂ ಬೇಡ. ಆದರೆ ಆ ಹಾಲು ತಾಯಿಯ ಮೈಯಿಂದಲೇ ಹೋಗುತ್ತದೆ. ಹಾಗಾಗಿ ಬಾಣಂತಿಗೆ ಬಸುರಿಗಿಂತಲೂ ಜಾಸ್ತಿ ಊಟ ಬೇಕು. ತವರುಮನೆಯಲ್ಲಿ ಅಂಟಿನುಂಡಿ, ಅಳವಿ ಪಾಯಸ ಕೊಟ್ಟರು, ಒಳ್ಳೆಯದೇ ಆಯ್ತು. ಬೇಳೆ, ಸೊಪ್ಪು ಬಿಡಿಸಿದ್ದನ್ನು ಮಾತ್ರ ನಾನು ಒಪ್ಪಲಿಲ್ಲ, ಕೇಳಿ ಹಾಕಿಸಿಕೊಂಡು ಉಂಡೆ.

ಆರು ತಿಂಗಳ ನಂತರ ನಮ್ಮ ಓಣಿಯಲ್ಲಿ ಎಷ್ಟೋ ಮಕ್ಕಳು ಸೊರಗುವುದನ್ನು ನೋಡಿದ್ದೇನೆ. ಬೇಳೆಯ ಕಟ್ಟು, ಅಂದರೆ ಮೇಲಿನ ನೀರು ಮಾತ್ರ ಕುಡಿಸುತ್ತಾರೆ. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ಜೋಳದ ನುಚ್ಚಿಗೆ ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿ, ಕಿವುಚಿ, ಮೇಲೆ ತುಪ್ಪ ಹಾಕಿ. ಚಮಚ ಓರೆ ಮಾಡಿದರೆ ಸುರಿದು ಹೋಗಬಾರದು, ಅಷ್ಟು ಗಟ್ಟಿ ಇರಬೇಕು. ಮೊಟ್ಟೆ ತಿನ್ನುವವರಾದರೆ ಅದನ್ನೂ ಕೊಡಿ. ಮಗ ಈಗ ಶಾಲೆಗೆ ಹೋಗುತ್ತಾನೆ, ಕಾರ್ಡ್‌ನಲ್ಲಿ ತೂಕ ಸರಿಯಿದೆ ಅಂತ ತೋರಿಸುವ ಹಸಿರು ಪಟ್ಟಿಗೆ ಬಂದದ್ದು ಎರಡು ವರ್ಷ ಆಗುವ ಹೊತ್ತಿಗೆ.

ಬೆಳಗಾವಿಯಿಂದ, ಐದು ವರ್ಷದ ಮಗಳ ತಾಯಿ:

ತೂಕ ಜಾಸ್ತಿ ಇದ್ದವರ ಕಥೆಯನ್ನೂ ಯಾರಾದರೂ ಹೇಳಬೇಕು. ನನ್ನದು ಬಸುರಿಗೆ ಮೊದಲೇ ಬಿಎಂಐ 30 ದಾಟಿತ್ತು. 75 ಗ್ರಾಂ ಗ್ಲುಕೋಸ್ ನೀರು ಕುಡಿಸಿ ಎರಡು ತಾಸಿನ ಮೇಲೆ ರಕ್ತ ತೆಗೆದರು. 140 ದಾಟಿದರೆ ಬಸುರಿಯ ಸಕ್ಕರೆ ಕಾಯಿಲೆ ಅಂತ, ನನ್ನದು ದಾಟಿತ್ತು. ಮಗಳು 3.9 ಕೆ.ಜಿ. ಹುಟ್ಟಿದಳು. ಹುಟ್ಟಿದ ಮೇಲೆ ಅವಳ ರಕ್ತದಲ್ಲಿ ಸಕ್ಕರೆ ಕುಸಿಯಿತು, ಒಳಗೇ ಇಟ್ಟುಕೊಂಡು ನೋಡಿದರು. ನೋಡಲು ಬಂದವರೆಲ್ಲ "ಗುಂಡ್‌ಗುಂಡಗೆ ಚಂದ ಐತಿ" ಅಂತ ಖುಷಿಪಟ್ಟರು. ಇಂಥ ಮಕ್ಕಳಿಗೆ ಮುಂದೆ ಬೊಜ್ಜು ಬರುವ ಸಂಭವ ಜಾಸ್ತಿ ಅಂತ ಡಾಕ್ಟರು ಹೇಳಿದ್ದಾರೆ. ಬಿಸ್ಕಿಟು, ಕುರುಕಲು ದೂರ ಇಟ್ಟಿದ್ದೇನೆ, ಸಂಜೆ ಓಡಾಡಿಸುತ್ತೇನೆ. ತೂಕ ಜಾಸ್ತಿ ಇರುವ ಬಸುರಿಯರು ಉಪವಾಸ ಮಾಡಿ ಇಳಿಸಲು ಹೋಗಬೇಡಿ. ಏರುವುದು ಮಿತಿಯಲ್ಲಿರಲಿ, ಸಕ್ಕರೆ ಪರೀಕ್ಷೆ ತಪ್ಪಿಸಬೇಡಿ.

ಸಿಂದಗಿಯಿಂದ ಒಬ್ಬ ಅಣ್ಣ:

ಗಂಡಸರಿಗೆ ಒಂದು ಮಾತು. ಊಟ ಹೆಚ್ಚಿಸಿ ಕೆಲಸ ಹಾಗೇ ಇಟ್ಟರೆ ತೂಕ ಏರುವುದಿಲ್ಲ. ನೀರು ಹೊರುವುದು, ಹೊಲದಲ್ಲಿ ಬಗ್ಗಿ ಕಸ ತೆಗೆಯುವುದು ನಾವು ಮಾಡೋಣ. ಮಧ್ಯಾಹ್ನ ಅವರು ಅಡ್ಡಾಗಲಿ. ಮತ್ತೆ ಎಲ್ಲರದೂ ಮುಗಿದ ಮೇಲೆ ಉಳಿದದ್ದು ಉಣ್ಣುವುದು ಬೇಡ, ಜೊತೆಗೇ ಕೂತು ಉಣ್ಣಲಿ.

ಬೆಳಗಾವಿ ಜಿಲ್ಲೆಯ ಸಿಸ್ಟರ್:

ನಮ್ಮ ಬೆಳಗಾವಿಯ ಹಳ್ಳಿಗಳಲ್ಲೇ ಇದರ ಬಗ್ಗೆ ದೊಡ್ಡ ಅಧ್ಯಯನ ನಡೆದಿದೆ. ಪಾಕಿಸ್ತಾನ, ಗ್ವಾಟೆಮಾಲಾ, ಕಾಂಗೋ ದೇಶಗಳಲ್ಲೂ ಒಟ್ಟಿಗೇ ಮಾಡಿದರು. ಕೆಲವು ಹೆಣ್ಣುಮಕ್ಕಳಿಗೆ ಬಸುರಿಯಾಗುವುದಕ್ಕೆ ಕನಿಷ್ಠ ಮೂರು ತಿಂಗಳು ಮೊದಲಿಂದಲೇ ಪೌಷ್ಟಿಕ ಆಹಾರ ಕೊಟ್ಟರು, ಕೆಲವರಿಗೆ ಬಸುರಿನ ಮೂರನೇ ತಿಂಗಳ ಸುಮಾರಿಗೆ ಶುರು ಮಾಡಿದರು, ಕೆಲವರಿಗೆ ಕೊಡಲಿಲ್ಲ. ಫಲಿತಾಂಶ 2019ರಲ್ಲಿ ಪ್ರಕಟವಾಯ್ತು. ತಿಂದ ಎರಡೂ ಗುಂಪಿನ ತಾಯಂದಿರ ಮಕ್ಕಳು ಹುಟ್ಟುವಾಗಲೇ ತಿನ್ನದವರ ಮಕ್ಕಳಿಗಿಂತ ಉದ್ದ ಇದ್ದರು. ಹಾಗಾಗಿ ನಾನು ಕುಬಸದ ದಿನ ಹಸಿರು ಬಳೆ ಹಾಕಿ, ತಟ್ಟೆ ತುಂಬ ಬಡಿಸುವವರಿಗೆಲ್ಲ ಹೇಳುತ್ತೇನೆ: ಆ ತಟ್ಟೆ ಮದುವೆಯಾದ ದಿನದಿಂದಲೇ ಶುರುವಾಗಬೇಕಿತ್ತು. ಎರಡು ಹೆರಿಗೆ ನಡುವೆ ಮೂರು ವರ್ಷ ಅಂತರ ಇಡಿ ಅನ್ನುವುದೂ ತಾಯಿ ಮೈ ತುಂಬಿಕೊಳ್ಳಲಿ ಅಂತಲೇ.

ಕೇಳಿದ ತಂಗಿಗೆ ಇನ್ನೊಂದು ಮಾತು. ದೊಡ್ಡ ಮಗಳನ್ನು ಓರಗೆಯವರ ಪಕ್ಕ ನಿಲ್ಲಿಸಿ ನೋಡಬೇಡಿ. ಎತ್ತರ ಅಳೆಸಿ, ಕಾರ್ಡ್‌ನಲ್ಲಿ ಗೆರೆ ಮೇಲೇರುತ್ತಿದೆಯಾ ನೋಡಿ. ಗೆರೆ ಸಪಾಟಾದರೆ, ಇಲ್ಲವೇ ರಟ್ಟೆಯ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮುಧೋಳ ತಾಲೂಕಿನಿಂದ, ಕೇಳಿದ ತಾಯಿ:

ಎಲ್ಲಾ ಅತ್ತೆಯವರಿಗೆ ಓದಿ ಹೇಳಿದೆ. ಸುಮ್ನೆ ಕೇಳಿಸಿಕೊಂಡರು. ಕಬ್ಬಿಣದ ಮಾತ್ರೆ ತಗೊಂಡರೆ ವಾಕರಿಕೆ ಬರುತ್ತದೆ, ಮಲ ಕಪ್ಪಗಾಗುತ್ತದೆ. ಬಿಟ್ಟರೆ ನಡೆಯುತ್ತಾ?

ವಿಜಯಪುರ ಜಿಲ್ಲೆಯ ಅಂಗನವಾಡಿ ಕಾರ್ಯಕರ್ತೆ:

ಬಿಡಬೇಡಿ ತಂಗಿ. ಮಲ ಕಪ್ಪಗಾಗುವುದು ಆ ಮಾತ್ರೆಗೆ ಸಹಜ. ರಾತ್ರಿ ಊಟ ಆದ ಮೇಲೆ ಮಲಗುವ ಮುಂಚೆ ತಗೊಳ್ಳಿ, ಜೊತೆಗೆ ಲಿಂಬೆ ನೀರು ಕುಡಿಯಿರಿ. ಚಹಾ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ ತಗೊಳ್ಳಿ, ಎರಡೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಜಂತುಹುಳದ ಮಾತ್ರೆ ಕೊಟ್ಟಿದ್ದಾರಾ ಅಂತ ಸಿಸ್ಟರ್‌ಗೆ ಕೇಳಿ. ಮುಂದಿನ ತಿಂಗಳು ತೂಕ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.