‘ಹಿಡಿದು ಬಿಡು’, ‘ಸುರಕ್ಷತೆ’, ‘ಧರ್ಮಬೇಟೆ’: ಮಕ್ಕಳ ಕೈಪಿಡಿಗೆ ಯಾವ ಪದಗಳು ಸರಿ?

ಕೋವಿಯನ್ನು ಎಚ್ಚರದಿಂದ ಬಳಸುವುದನ್ನೂ ಬೇಟೆ ಮತ್ತು ಗಾಳದ ನಡವಳಿಕೆಯನ್ನೂ ಮಕ್ಕಳಿಗೆ ತಿಳಿಸುವ ಕಿರು ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಹತ್ತು ಹನ್ನೆರಡು ವರ್ಷದ ಓದುಗರು ಇಲ್ಲಿ ಒಂದು ಪದವನ್ನು ತಪ್ಪಾಗಿ ತಿಳಿದರೂ ಜೀವಕ್ಕೇ ಕುತ್ತು ಬರಬಹುದಾದ್ದರಿಂದ, ಕೆಲವು ಪ್ರಯೋಗಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ಸೇಫ್ಟಿ’. ಇಂಗ್ಲಿಷಿನಲ್ಲಿ ಕೋವಿಯ ಟ್ರಿಗರನ್ನು ತಡೆದು ನಿಲ್ಲಿಸುವ ಚಿಕ್ಕ ಕೀಲಿಗೂ, ಕೋವಿ ಹಿಡಿದವರು ಪಾಲಿಸಬೇಕಾದ ಶಿಸ್ತಿಗೂ ಇದೇ ಪದ. ನಾವೂ ಎರಡಕ್ಕೂ ‘ಸುರಕ್ಷತೆ’ ಎಂದರೆ, ‘ಸುರಕ್ಷತೆ ಹಾಕಿದೆ’ ಎಂಬ ಮಾತನ್ನು ಮಗು ‘ಇನ್ನು ಅಪಾಯವಿಲ್ಲ’ ಎಂದೇ ಅರ್ಥಮಾಡಿಕೊಳ್ಳುತ್ತದೆ. ಆದರೆ ಆ ಕೀಲು ಸವೆಯಬಹುದು, ಕೆಟ್ಟುಹೋಗಬಹುದು. ಅಮೆರಿಕದ ಕೋವಿ ತರಬೇತುದಾರ ಜೆಫ್ ಕೂಪರ್ ಪ್ರಚಾರಕ್ಕೆ ತಂದ ನಾಲ್ಕು ನಿಯಮಗಳಲ್ಲಿ ಅದರ ಪ್ರಸ್ತಾಪವೇ ಇಲ್ಲ: ಪ್ರತಿ ಕೋವಿಯೂ ಗುಂಡು ತುಂಬಿದ್ದೆಂದೇ ಎಣಿಸಬೇಕು, ಹೊಡೆಯಬಾರದ ಯಾವುದರ ಕಡೆಗೂ ನಳಿಗೆಯ ಬಾಯಿ ತಿರುಗಬಾರದು, ಗುರಿ ಹಿಡಿಯುವ ತನಕ ಬೆರಳು ಟ್ರಿಗರನ್ನು ಮುಟ್ಟಬಾರದು, ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಖಚಿತವಿರಬೇಕು. ಹಾಗಾಗಿ ಕೀಲಿಗೆ ‘ತಡೆಗೀಲು’ ಎಂದೂ ಶಿಸ್ತಿಗೆ ‘ಕೋವಿಯ ಎಚ್ಚರ’ ಎಂದೂ ಬೇರೆ ಮಾಡಿದ್ದೇನೆ. ಮೊದಲ ನಿಯಮದಲ್ಲಿ ‘ಭಾವಿಸು’ ಎಂಬುದನ್ನು ಬೇಕೆಂದೇ ಕೈಬಿಟ್ಟೆ, ಏಕೆಂದರೆ ಅದರಲ್ಲಿ ಆಟಕ್ಕೆ ಹಾಗೆಂದುಕೊಳ್ಳುವ ಛಾಯೆ ಕೇಳಿಸುತ್ತದೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಎರಡನೆಯದು. ಹಿಡಿದ ಮೀನನ್ನು ಜೀವಸಹಿತ ನೀರಿಗೆ ಮರಳಿಸುವುದನ್ನು ‘ಹಿಡಿದು ಬಿಡು’ ಎಂದು ಬರೆದಿದ್ದೆ. ಕರಡನ್ನು ಗಟ್ಟಿಯಾಗಿ ಓದಿದಾಗ ತೊಡಕು ತಿಳಿಯಿತು: ನಡುವಿನ ಬಿಡುವು ಮಾತಿನಲ್ಲಿ ಮಾಯವಾಗಿ ‘ಹಿಡಿದುಬಿಡು’ ಎಂದಾಗುತ್ತದೆ, ಅಂದರೆ ಹೇಗಾದರೂ ಹಿಡಿ ಎಂಬ ನೇರ ವಿರುದ್ಧಾರ್ಥ. ಒಂದೆಡೆ ‘ಬಿಡು’ ಸ್ವತಂತ್ರ ಕ್ರಿಯಾಪದ, ಇನ್ನೊಂದೆಡೆ ಕೆಲಸ ಮುಗಿಸುವುದನ್ನು ಒತ್ತಿಹೇಳುವ ಸಹಾಯಕ ಕ್ರಿಯಾಪದ. ಅಕ್ಷರಗಳು ಮಾತ್ರ ಅವೇ. (‘ಬಾಣ ಬಿಡು’ ಎಂಬಲ್ಲಿ ಇದೇ ಬಿಡುಗಡೆಯ ಪದ ಹೊಡೆತವನ್ನು ಸೂಚಿಸುತ್ತದೆ.) ‘ಹಿಡಿದು ನೀರಿಗೆ ಮರಳಿಸು’ ಎಂದರೆ ಗೊಂದಲವಿಲ್ಲ, ಆದರೆ ಪದೇಪದೇ ಬರುವ ಮಾತಿಗೆ ಅದು ಉದ್ದವಾಯಿತು. ಮೀನಿನ ಮೈಯ ಲೋಳೆ ಅದಕ್ಕೆ ರಕ್ಷಣೆಯಾಗಿರುವುದರಿಂದ ಒದ್ದೆ ಕೈಯಲ್ಲೇ ಹಿಡಿಯಬೇಕು, ನೀರಿನ ಹೊರಗೆ ಹೆಚ್ಚು ಹೊತ್ತು ಇಡಬಾರದು ಎಂಬ ಸೂಚನೆಗಳೂ ಇದೇ ಪದದ ಕೆಳಗೆ ಬರಬೇಕಾದ್ದರಿಂದ, ‘ಮರುಬಿಡುಗಡೆ’ಯಂತಹ ಒಂದೇ ಪದ ಸಲ್ಲುತ್ತದೆಯೇ ಎಂದು ಯೋಚಿಸುತ್ತಿದ್ದೇನೆ.

ಇನ್ನು ‘ಫೇರ್ ಚೇಸ್’. ಬೇಲಿಯೊಳಗೆ ಕೂಡಿಹಾಕದ ಕಾಡುಪ್ರಾಣಿಯನ್ನು, ತಪ್ಪಿಸಿಕೊಳ್ಳಲು ಅದಕ್ಕೂ ಅವಕಾಶವಿರುವಂತೆ, ಕಾನೂನಿಗೆ ಒಳಪಟ್ಟು ಬೆನ್ನಟ್ಟುವುದು ಎಂಬ ಈ ಕಲ್ಪನೆಯನ್ನು ಅಮೆರಿಕದಲ್ಲಿ 1887ರಲ್ಲಿ ಸ್ಥಾಪನೆಯಾದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಎಂಬ ಬೇಟೆಗಾರರ ಸಂಘ ಎತ್ತಿಹಿಡಿಯಿತು. ‘ಧರ್ಮಯುದ್ಧ’ದ ಮಾದರಿಯಲ್ಲಿ ‘ಧರ್ಮಬೇಟೆ’ ಎಂಬುದು ಒಡನೆ ಹೊಳೆಯುತ್ತದೆ. ಆದರೆ ಧರ್ಮಯುದ್ಧದಲ್ಲಿ ಎದುರಾಳಿಯ ಕೈಯಲ್ಲೂ ಆಯುಧವಿರುತ್ತದೆ, ಇಲ್ಲಿ ಅದು ಒಬ್ಬರ ಬಳಿ ಮಾತ್ರ ಇದೆ. ಗಾಯಗೊಂಡ ಪ್ರಾಣಿಯನ್ನು ನರಳಲು ಬಿಟ್ಟು ಹೋಗದೆ ಹುಡುಕುವ ಹೊಣೆಯೂ ಅವರದೇ. ಆ ಹೊಣೆಯನ್ನು ‘ಧರ್ಮ’ ಎಂಬ ಪದ ಮಕ್ಕಳಿಗೆ ಮುಟ್ಟಿಸಬಲ್ಲದೇ, ಅಥವಾ ‘ಹೊಣೆಯರಿತ ಬೇಟೆ’ ಎಂದು ಬಿಡಿಸಿಯೇ ಬರೆಯಬೇಕೇ?