ಆಗಸ್ಟ್ 15ರ ಕ್ವಿಜ್: ಮಕ್ಕಳಿಗೆ ಗೊತ್ತಿಲ್ಲದ ಪ್ರಶ್ನೆ ಯಾರ ಹತ್ತಿರ ಇದೆ?

ಹೈಸ್ಕೂಲ್ ಮೇಷ್ಟ್ರು:
ಈ ಸಲ ಸ್ವಾತಂತ್ರ್ಯ ದಿನಾಚರಣೆಗೆ ನಮ್ಮ ಶಾಲೆಯ ಕ್ವಿಜ್ ನನ್ನ ತಲೆಗೆ ಬಿದ್ದಿದೆ. ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳು. ಇವರ ಮುಂದೆ ಧ್ವಜದ ಚಕ್ರದಲ್ಲಿ ಎಷ್ಟು ಕಡ್ಡಿ ಅಂತ ಕೇಳಿದರೆ ನಕ್ಕುಬಿಡುತ್ತಾರೆ. ಅವತ್ತು ರಾತ್ರಿ ಗಾಂಧೀಜಿ ದೆಹಲಿಯಲ್ಲಿ ಇರಲಿಲ್ಲ, ಕಲ್ಕತ್ತಾದಲ್ಲಿದ್ದರು ಅನ್ನೋದೂ ಗೊತ್ತು. 1930ರಿಂದ ಕಾಂಗ್ರೆಸ್‌ನವರು ಜನವರಿ 26ನ್ನೇ ಸ್ವಾತಂತ್ರ್ಯ ದಿನ ಅಂತ ಆಚರಿಸುತ್ತಿದ್ದರು ಅನ್ನೋದೂ ಗೊತ್ತು.

ಉತ್ತರ ಕೇಳಿದ ಮೇಲೆ "ಹೌದಾ ಸರ್?" ಅಂತ ಬಾಯಿ ಬಿಡುವಂಥದ್ದು ಬೇಕು. ಒಂದೇ ಷರತ್ತು, ವಾಟ್ಸಾಪ್ ಸರಕು ಬೇಡ. ನಮ್ಮ ರಾಷ್ಟ್ರಗೀತೆಗೆ ಯುನೆಸ್ಕೋ ಮೊದಲ ಸ್ಥಾನ ಕೊಟ್ಟಿದೆ ಅಂತ ಪ್ರತಿ ವರ್ಷ ಒಂದು ಸುಳ್ಳು ತಿರುಗುತ್ತಲ್ಲ, ಅಂಥದ್ದು ಕಳಿಸಿದರೆ ಸುಮ್ನೆ ಅಳಿಸಿಬಿಡ್ತೀನಿ.

ಕಲಬುರಗಿಯವ:
ಮೇಷ್ಟ್ರೆ, ಹೀಗೆ ಕೇಳಿ ನೋಡಿ: "1947ರ ಆಗಸ್ಟ್ 15ರಂದು ಕಲಬುರಗಿ ಯಾವ ದೇಶದಲ್ಲಿತ್ತು?" ನಿಮ್ಮ ಸ್ಟಾಫ್ ರೂಮಿನಲ್ಲೇ ಮೊದಲು ಕೇಳಿ. ಅರ್ಧ ಜನ ತಪ್ಪು ಹೇಳ್ತಾರೆ, ಬರೆದಿಟ್ಟುಕೊಳ್ಳಿ.

ಬೀದರ್, ಕಲಬುರಗಿ, ರಾಯಚೂರು ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಈಗಿನ ಯಾದಗಿರಿ, ಕೊಪ್ಪಳ ಕೂಡ ಅದರೊಳಗೇ ಬರ್ತಿದ್ದವು. ನಿಜಾಮ ಭಾರತಕ್ಕೆ ಸೇರಲ್ಲ ಅಂತ ಕೂತಿದ್ದ. ದೆಹಲಿಯಲ್ಲಿ ಪಟಾಕಿ ಹೊಡೆಯುವಾಗ ನಮ್ಮ ಕಡೆ ತ್ರಿವರ್ಣ ಧ್ವಜ ಹಾರಿಸಿದರೆ ಜೈಲು. ಸಂಸ್ಥಾನದ ಕಾಂಗ್ರೆಸ್ ನಾಯಕರಾಗಿದ್ದ ಸ್ವಾಮಿ ರಮಾನಂದ ತೀರ್ಥರನ್ನು ಹಿಡಿದು ಒಳಗೆ ಹಾಕಿದ್ದು ಅದೇ ದಿನ. ಇಡೀ ದೇಶಕ್ಕೆ ಬಿಡುಗಡೆ, ಅವರಿಗೆ ಬಂಧನ!

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು. 17ಕ್ಕೆ ನಿಜಾಮ ಶರಣಾದ. ಅಂದರೆ ನಮಗೆ 13 ತಿಂಗಳು ತಡ. ಅದಕ್ಕೇ ನಮ್ಮಲ್ಲಿ ಸೆಪ್ಟೆಂಬರ್ 17ಕ್ಕೂ ಧ್ವಜ ಏರುತ್ತೆ. ಮೊದಲು ವಿಮೋಚನಾ ದಿನ ಅಂತಿದ್ದರು, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ.

ನಮ್ಮ ಅಜ್ಜಿಯ ಟ್ರಂಕಿನಲ್ಲಿ ಆ ಕಾಲದ ನಾಣ್ಯಗಳಿವೆ. ಒಂದು ಕಡೆ ಚಾರ್‌ಮಿನಾರ್, ಸುತ್ತ ಉರ್ದು ಅಕ್ಷರ. ಇಂಗ್ಲೆಂಡಿನ ರಾಜನ ಮುಖ ಎಲ್ಲೂ ಇಲ್ಲ. ನಿಜಾಮನದೇ ದುಡ್ಡು, ಹಾಲಿ ಸಿಕ್ಕಾ ಅಂತಿದ್ದರು. ಅವನದೇ ಅಂಚೆ, ಅವನದೇ ರೈಲು. ಒಂದು ನಾಣ್ಯ ಕೈಗೆ ಕೊಟ್ಟು ಪ್ರಶ್ನೆ ಕೇಳಿದರೆ ಮಕ್ಕಳು ಮರೆಯಲ್ಲ. ಫೋಟೋ ಬೇಕಾದರೆ ಕಳಿಸ್ತೀನಿ. ನಾಣ್ಯ ಮಾತ್ರ ಕೇಳಬೇಡಿ, ಅಜ್ಜಿ ನನ್ನನ್ನೇ ಟ್ರಂಕಿನಲ್ಲಿ ಹಾಕ್ತಾರೆ.

ಹಳೇ ಮೈಸೂರಿನವಳು:
ಅಣ್ಣ, ನಮ್ಮದೂ ಪೂರ್ತಿ ಸಲೀಸಾಗಿ ಆಗಲಿಲ್ಲ ಬಿಡಿ. ಮಹಾರಾಜರು ಆಗಸ್ಟ್‌ನಲ್ಲೇ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದರು, ಸರಿ. ಆದರೆ ಜನರ ಸರ್ಕಾರ ಎಲ್ಲಿತ್ತು? ಅದಕ್ಕೆ ಸೆಪ್ಟೆಂಬರ್‌ನಲ್ಲಿ "ಮೈಸೂರು ಚಲೋ" ನಡೆಸಬೇಕಾಯಿತು. ಬೀದಿಗೆ ಇಳಿದವರಲ್ಲಿ ವಿದ್ಯಾರ್ಥಿಗಳೂ ಜಾಸ್ತಿ ಇದ್ದರು. ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿದ್ದು ಅಕ್ಟೋಬರ್ ಕೊನೆಗೆ. ಸ್ವಾತಂತ್ರ್ಯ ಬಂದ ಮೇಲೂ ಸ್ವಾತಂತ್ರ್ಯಕ್ಕೆ ಚಳವಳಿ! ಮೇಷ್ಟ್ರೆ, ಇದನ್ನೂ ಸೇರಿಸಿ.

ಹೈಸ್ಕೂಲ್ ಮೇಷ್ಟ್ರು:
ಕಲಬುರಗಿ ಪ್ರಶ್ನೆ ಪಕ್ಕಾ. ಅಜ್ಜಿಗೆ ನಮಸ್ಕಾರ ತಿಳಿಸಿ. ದೇಶದ ಬೇರೆ ಕಡೆ ಇಂಥ ತಾರೀಖು ಗೊಂದಲ ಇದೆಯಾ? ಗೋವಾ 1961 ಅಂತ ಎಲ್ಲರಿಗೂ ಗೊತ್ತು, ಅದು ಬೇಡ.

ಅಂಚೆಚೀಟಿ ರಾಯರು:
ಬಂಗಾಳ ನೋಡಿ ಸರ್. ಆಗಸ್ಟ್ 15ರಂದು ಎರಡೂ ದೇಶ ಹುಟ್ಟಿದವು, ಗಡಿ ಮಾತ್ರ ಇನ್ನೂ ಗುಟ್ಟು. ರಾಡ್‌ಕ್ಲಿಫ್ ಎಳೆದ ಗೆರೆ ಹೊರಗೆ ಬಂದಿದ್ದು 17ಕ್ಕೆ. ಅಲ್ಲಿಯವರೆಗೆ ಮುರ್ಷಿದಾಬಾದ್‌ನಲ್ಲಿ ಪಾಕಿಸ್ತಾನದ ಬಾವುಟ ಹಾರುತ್ತಿತ್ತು, ಖುಲ್ನಾದಲ್ಲಿ ಭಾರತದ್ದು. ಆಮೇಲೆ ಅದಲು ಬದಲು. ನಾದಿಯಾ ಜಿಲ್ಲೆಯ ಕೆಲವು ಊರುಗಳಲ್ಲಿ ಈಗಲೂ 18ಕ್ಕೆ ಧ್ವಜ ಹಾರಿಸುತ್ತಾರೆ.

ಇನ್ನು ನನ್ನ ಹುಚ್ಚಿನ ವಿಷಯ. ಸ್ವತಂತ್ರ ಭಾರತದ ಮೊದಲ ಅಂಚೆಚೀಟಿ ಮೂರೂವರೆ ಆಣೆಯದ್ದು. ಹಾರುವ ಧ್ವಜ, "ಜೈ ಹಿಂದ್" ಅಂತ ಬರಹ, ಆಗಸ್ಟ್ 15 ಅಂತ ತಾರೀಖು. ಆದರೆ ಬಂದಿದ್ದು ನವೆಂಬರ್ 21ಕ್ಕೆ! ಅಷ್ಟು ದಿನವೂ ರಾಜ ಆರನೇ ಜಾರ್ಜ್‌ನ ತಲೆ ಇರುವ ಚೀಟಿಯನ್ನೇ ಅಂಟಿಸಬೇಕಿತ್ತು. 1947ರ ರೂಪಾಯಿಯ ಹಿಂದೆ ಹುಲಿ ನಡೆದು ಹೋಗ್ತಿರುತ್ತೆ, ತಿರುಗಿಸಿದರೆ ಮತ್ತೆ ಅದೇ ರಾಜ. ಗಣರಾಜ್ಯ ಆಗುವವರೆಗೆ, ಅಂದರೆ 1950ರ ಜನವರಿವರೆಗೆ, ಕಾಗದದ ಮೇಲೆ ಅವನೇ ನಮ್ಮ ರಾಜ ಅಲ್ವಾ.

ಪಾಕಿಸ್ತಾನದವರು ಆಗಸ್ಟ್ 14ಕ್ಕೆ ಆಚರಿಸುತ್ತಾರೆ. 1948ರ ಜುಲೈನಲ್ಲಿ ಅವರೇ ತಂದ ಅಂಚೆಚೀಟಿ ಮೇಲೆ ಇರೋದು 15 ಆಗಸ್ಟ್ 1947. ಪಕ್ಕದಲ್ಲಿಟ್ಟು ತೋರಿಸಿದರೆ ಮಜಾ ಇರುತ್ತೆ.

ಹುಬ್ಬಳ್ಳಿ ಮಂದಿ:
ರಾಯರೆ, ನಮ್ಮ ಬೆಂಗೇರಿ ಬಿಟ್ಟರೆ ಹೆಂಗ್ರೀ? ಅಲ್ಲಿನ ಖಾದಿ ಸಂಘದಾಗ ರಾಷ್ಟ್ರಧ್ವಜ ತಯಾರಾಗತದ. ಚಕ್ರವನ್ನು ಎರಡೂ ಬದಿಗೆ ಅಚ್ಚು ಹಾಕಬೇಕು. ಬೆಳಕಿಗೆ ಹಿಡಿದರೆ ಕಡ್ಡಿ ಮೇಲೆ ಕಡ್ಡಿ ಕೂರಬೇಕು, ಕೂರಲಿಲ್ಲ ಅಂದರೆ ಧ್ವಜ ನಪಾಸು.

ಪ್ರಶ್ನೆ ಇದು: ಭಾರತೀಯ ಮಾನಕ ಸಂಸ್ಥೆಯ ಪಟ್ಟಿಯಲ್ಲಿ ನಂಬರ್ 1 ಯಾವ ವಸ್ತು? ಮಕ್ಕಳು ಸಿಮೆಂಟು, ಕಬ್ಬಿಣ ಅಂತಾರೆ. ಉತ್ತರ ರಾಷ್ಟ್ರಧ್ವಜ. ಐಎಸ್ 1, 1951ರದ್ದು.

ಅಂಚೆಚೀಟಿ ರಾಯರು:
ಇದು ನನಗೂ ಹೊಸದು! ಮೇಷ್ಟ್ರೆ, ಟೈ ಆದರೆ ಕೇಳೋಕೆ ಒಂದು ಇಟ್ಟುಕೊಳ್ಳಿ: 1947ರಲ್ಲಿ ನೆಹರೂ ಕೆಂಪುಕೋಟೆಯ ಮೇಲೆ ಧ್ವಜ ಹಾರಿಸಿದ್ದು ಯಾವ ದಿನ? ಆಗಸ್ಟ್ 16. ಹದಿನೈದಕ್ಕೆ ಹಾರಿಸಿದ್ದು ಇಂಡಿಯಾ ಗೇಟ್ ಹತ್ತಿರದ ಪ್ರಿನ್ಸೆಸ್ ಪಾರ್ಕ್‌ನಲ್ಲಿ.

ಹೈಸ್ಕೂಲ್ ಮೇಷ್ಟ್ರು:
ಇದನ್ನು ಕೇಳ್ತೀನಿ. ಆದರೆ ಮುಖ್ಯ ಅತಿಥಿಗಳು ತಮ್ಮ ಭಾಷಣ ಮುಗಿಸಿ ಹೊರಟ ಮೇಲೆ. ಪ್ರತಿ ವರ್ಷ ಅವರು ಶುರು ಮಾಡೋದೇ "ಹದಿನೈದನೇ ತಾರೀಖು ಕೆಂಪುಕೋಟೆಯ ಮೇಲೆ" ಅಂತ.